ಪೆಟ್ಟಿಗೆಯ ತಳದ ಚೀಟಿ: ವಿಡಿಯೋ ಗೇಮಿನ ವ್ಯಾಟು ಮತ್ತು ರೂಪಾಯಿಗಳ ಚರಿತ್ರೆ

ಮನೆಗೆ ತಂದ ಯಾವುದೇ ವಿದ್ಯುತ್ ಉಪಕರಣವನ್ನು ಮಗುಚಿ ನೋಡಿದರೆ ತಳದಲ್ಲೋ ಬೆನ್ನಲ್ಲೋ ಒಂದು ಸಣ್ಣ ಚೀಟಿ ಅಂಟಿಕೊಂಡಿರುತ್ತದೆ. ಇಷ್ಟು ವೋಲ್ಟ್, ಇಷ್ಟು ಹರ್ಟ್ಸ್, ಇಷ್ಟು ವ್ಯಾಟ್. ಮಿಕ್ಸರನ್ನು ಕೊಳ್ಳುವ ಮುನ್ನ ನಾವು ಆ ಚೀಟಿಯನ್ನು ಓದುತ್ತೇವೆ. ಗೀಸರಿನದನ್ನು ಎಲೆಕ್ಟ್ರಿಷಿಯನ್ ಕೇಳಿದಾಗ ಓದುತ್ತೇವೆ. ಟಿವಿಯ ಪಕ್ಕದಲ್ಲಿ ಕೂತಿರುವ ಮಕ್ಕಳ ವಿಡಿಯೋ ಗೇಮ್ ಪೆಟ್ಟಿಗೆಯ ಚೀಟಿಯನ್ನು ಮಾತ್ರ ಯಾರೂ ಓದುವುದಿಲ್ಲ. ಅದು ಆಟಿಕೆ ಎಂಬ ಭಾವನೆಯೇ ಇದಕ್ಕೆ ಕಾರಣವಿರಬೇಕು. ಆದರೆ ಆ ಉದ್ಯಮದ ಐವತ್ತು ವರ್ಷಗಳ ಅರ್ಥಶಾಸ್ತ್ರವನ್ನು ತಿಳಿಯಬೇಕೆಂದರೆ ಜಾಹೀರಾತುಗಳಿಗಿಂತ ಈ ಚೀಟಿಯೇ ಹೆಚ್ಚು ಪ್ರಾಮಾಣಿಕ ಸಾಕ್ಷಿ. ಅದರ ಮೇಲಿನ ವ್ಯಾಟಿನ ಸಂಖ್ಯೆಯೂ ಪೆಟ್ಟಿಗೆಯನ್ನು ತಯಾರಿಸಲು ತಗಲುವ ವೆಚ್ಚವೂ ಬಹುಕಾಲ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಂತೆ ಜೊತೆಜೊತೆಯಾಗಿಯೇ ನಡೆದವು. ಒಂದು ಇಳಿದರೆ ಇನ್ನೊಂದೂ ಇಳಿಯುತ್ತಿತ್ತು. ಆ ಜೋಡಿ ಹೇಗೆ ಕೂಡಿತು, ಹೇಗೆ ಅಗಲಿತು, ನಡುವೆ ನಮ್ಮಂಥ ಮನೆಗಳು ಯಾವ ಬೆಲೆ ತೆತ್ತವು ಎಂಬುದು ಈ ಲೇಖನದ ವಿಷಯ.

ಮೊದಲ ಪೆಟ್ಟಿಗೆಗಳ ಹಸಿವು ಅತ್ಯಲ್ಪ. 1972ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಮ್ಯಾಗ್ನವಾಕ್ಸ್ ಒಡಿಸ್ಸಿ ಟಾರ್ಚಿನಂತೆ ಬ್ಯಾಟರಿ ಸೆಲ್ಲುಗಳಲ್ಲೇ ನಡೆಯುತ್ತಿತ್ತು. 1977ರ ಅಟಾರಿಗೆ 9 ವೋಲ್ಟ್, 500 ಮಿಲಿಆಂಪಿಯರ್ ಕೊಡುವ ಅಡಾಪ್ಟರ್ ಸಾಕಿತ್ತು. ಗುಣಿಸಿದರೆ ನಾಲ್ಕೂವರೆ ವ್ಯಾಟ್. ನಮ್ಮ ದೇವರ ಮನೆಯ ಝೀರೋ ಬಲ್ಬು ಅದಕ್ಕಿಂತ ಹೆಚ್ಚು ತಿನ್ನುತ್ತಿತ್ತು. ಆ ಯಂತ್ರದ ನೆನಪಿನ ಶಕ್ತಿ ಒಟ್ಟು 128 ಬೈಟ್. ಅದರ ಹೃದಯದಲ್ಲಿದ್ದುದು 6502 ಎಂಬ ಚಿಪ್ಪಿನ ಅಗ್ಗದ ರೂಪ. ಪೈಪೋಟಿಯ ಚಿಪ್ಪುಗಳಿಗೆ ನೂರಾರು ಡಾಲರ್ ಇದ್ದ 1975ರಲ್ಲಿ 6502 ಚಿಪ್ಪನ್ನು 25 ಡಾಲರಿಗೆ ಮಾರಿದಾಗ ಇದೇನೋ ಮೋಸವಿರಬೇಕು ಎಂದು ಕೊಳ್ಳುವವರೇ ಅನುಮಾನಿಸಿದರಂತೆ. ಮನೆಯ ವಿಡಿಯೋ ಗೇಮ್ ಎಂಬುದು ಸಾಧ್ಯವಾದದ್ದೇ ಆ ಅಗ್ಗದಿಂದ.

ತಯಾರಿಕೆಯ ವೆಚ್ಚವನ್ನು ಮೊದಲು ನಿಗದಿಮಾಡಿ, ಯಂತ್ರವನ್ನು ಆಮೇಲೆ ರೂಪಿಸುವ ಪದ್ಧತಿಯನ್ನು ನಿಂಟೆಂಡೊ ಕಂಪನಿ ಒಂದು ಕಲೆಯನ್ನಾಗಿ ಬೆಳೆಸಿತು. 1983ರ ಜುಲೈ 15ರಂದು ಜಪಾನಿನಲ್ಲಿ 14,800 ಯೆನ್ನಿಗೆ ಬಿಡುಗಡೆಯಾದ ಫ್ಯಾಮಿಕಾಂ ಯಂತ್ರದ ಶಿಲ್ಪಿ ಮಸಾಯುಕಿ ಉಯೆಮುರಾ. ಅವರ ಯಜಮಾನ ಹಿರೋಶಿ ಯಾಮಾವುಚಿ ಚಿಪ್ ತಯಾರಕ ರಿಕೋ ಕಂಪನಿಗೆ ಒಡ್ಡಿದ ಪಂಥ ಉದ್ಯಮದಲ್ಲಿ ಇಂದಿಗೂ ದಂತಕಥೆ: ಮೂವತ್ತು ಲಕ್ಷ ಚಿಪ್ಪು ಕೊಳ್ಳುತ್ತೇನೆಂದು ಖಾತರಿ ಕೊಡುತ್ತೇನೆ, ಒಂದಕ್ಕೆ 2,000 ಯೆನ್ನಿನಂತೆ ಕೊಡಿ. ಆಗ ಅಷ್ಟು ಪೆಟ್ಟಿಗೆಗಳು ಮಾರಾಟವಾಗುತ್ತವೆಂದು ನಂಬುವವರು ಕಂಪನಿಯೊಳಗೇ ಕಡಿಮೆ. ಆ ಯಂತ್ರದ ಅಡಾಪ್ಟರು 10 ವೋಲ್ಟ್, 850 ಮಿಲಿಆಂಪಿಯರಿನದು. ಎಂಟೂವರೆ ವ್ಯಾಟಿನ ಆ ಸಣ್ಣ ಕೆಂಪು-ಬಿಳಿ ಪೆಟ್ಟಿಗೆಯೇ ಭಾರತದ ಮಧ್ಯಮವರ್ಗದ ಮನೆಗಳಿಗೂ ಬಂದದ್ದು. ಆದರೆ ತನ್ನ ಹೆಸರಿನಲ್ಲಿ ಬರಲಿಲ್ಲ.

ತೊಂಬತ್ತರ ದಶಕದಲ್ಲಿ ಇಲ್ಲಿ ಬೆಳೆದವರಿಗೆ ‘ಲಿಟಲ್ ಮಾಸ್ಟರ್’, ‘ಸಮುರಾಯ್’ ಎಂಬ ಹೆಸರುಗಳು ನೆನಪಿರಬಹುದು. ಹೆಸರೇ ಇಲ್ಲದ ಪೆಟ್ಟಿಗೆಗಳು ಅವಕ್ಕಿಂತ ಹೆಚ್ಚು. ಪುಣೆಯ ಬುಧವಾರ ಪೇಠೆಯ ತಾಪಕೀರ್ ಗಲ್ಲಿಯಿರಲಿ, ಬೆಂಗಳೂರಿನ ಎಸ್.ಪಿ. ರಸ್ತೆಯಿರಲಿ, ವಿದ್ಯುತ್ ಸಾಮಾನಿನ ಅಂಗಡಿಗಳಿರುವ ಇಂಥ ಬೀದಿಗಳ ಭಾಷೆಯಲ್ಲಿ ಅವೆಲ್ಲಕ್ಕೂ ಒಂದೇ ಹೆಸರು: ‘ಟಿವಿ ಗೇಮ್’. ಒಳಗೆ ಇದ್ದುದು ಫ್ಯಾಮಿಕಾಂ ಯಂತ್ರದ ತದ್ರೂಪು. ತೈವಾನಿನ ಯುಎಂಸಿ ಕಂಪನಿ ಆ ಚಿಪ್ಪುಗಳ ನಕಲನ್ನು ತಯಾರಿಸಿತು. ಮುಂದೆ ಇಡೀ ಯಂತ್ರವೇ ಒಂದು ಚಿಪ್ಪಿನೊಳಗೆ ಸೇರಿ, ಹಲಗೆಯ ಮೇಲೆ ಕಪ್ಪು ಅಂಟಿನ ಒಂದು ಬೊಟ್ಟಾಗಿ ಕೂತಿತು.

ಈ ನಕಲಿನ ಬಗ್ಗೆ ನೈತಿಕ ತಿರಸ್ಕಾರದಿಂದ ಮಾತಾಡುವುದು ಸುಲಭ. ತಯಾರಿಕೆಯ ವೆಚ್ಚದ ದೃಷ್ಟಿಯಿಂದ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಮೂಲ ಕಂಪನಿಗಳು ಪೆಟ್ಟಿಗೆಯಲ್ಲಿ ಬಿಟ್ಟುಕೊಟ್ಟ ಲಾಭವನ್ನು ಆಟಗಳ ಪರವಾನಗಿಯಲ್ಲಿ ವಸೂಲು ಮಾಡುತ್ತಿದ್ದವು. ನಕಲು ಮಾಡುವವನಿಗೆ ಆ ಅನುಕೂಲವಿಲ್ಲ. ನೂರಾರು ಆಟಗಳಿವೆ ಎಂದು ಕೊಚ್ಚಿಕೊಳ್ಳುವ ಒಂದೇ ಕ್ಯಾಸೆಟ್ಟನ್ನು, ಅದರಲ್ಲಿ ನಿಜವಾಗಿ ಬೇರೆಬೇರೆಯಾದವು ಹತ್ತಿಪ್ಪತ್ತೇ ಆದರೂ, ಅವನು ಪೆಟ್ಟಿಗೆಯ ಜೊತೆಗೇ ಕೊಟ್ಟುಬಿಡುತ್ತಿದ್ದ. ಆದ್ದರಿಂದ ಅವನ ಬೆಲೆ ಎಂದರೆ ಪ್ಲಾಸ್ಟಿಕ್ಕು, ಚಿಪ್ಪು, ಅಡಾಪ್ಟರು, ಕೂಲಿ, ಅಂಗಡಿಯವನ ಲಾಭ, ಅಷ್ಟೆ. ವಿಡಿಯೋ ಗೇಮಿನ ಇಡೀ ಚರಿತ್ರೆಯಲ್ಲಿ ತನ್ನ ತಯಾರಿಕೆಯ ವೆಚ್ಚವನ್ನು ಮುಚ್ಚಿಡದೆ ಮಾರಿದ ಪೆಟ್ಟಿಗೆ ಈ ಕಳ್ಳ ಪೆಟ್ಟಿಗೆಯೊಂದೇ ಎಂದರೆ ವ್ಯಂಗ್ಯವಾದೀತು, ಸುಳ್ಳಾಗದು.

ವಿದ್ಯುತ್ತಿನ ವಿಷಯದಲ್ಲೂ ಅದು ನಮ್ಮ ಮನೆಗಳಿಗೆ ಒಗ್ಗುವಂಥದ್ದೇ ಆಗಿತ್ತು. ಅದರ ಅಡಾಪ್ಟರಿನಲ್ಲಿ ಇದ್ದುದು ತಾಮ್ರದ ಸುರುಳಿ ಸುತ್ತಿದ ಹಳೆಯ ಬಗೆಯ ಸಣ್ಣ ಟ್ರಾನ್ಸ್‌ಫಾರ್ಮರು. ಕೈಗೆ ಭಾರ, ಮುಟ್ಟಿದರೆ ಬಿಸಿ. ಸಂಜೆಯ ಹೊತ್ತು ಇಡೀ ಬಡಾವಣೆಯ ದೀಪಗಳು ಹೊತ್ತಿಕೊಂಡು ವೋಲ್ಟೇಜು ಕುಸಿದಾಗಲೂ ಹೆಚ್ಚಿನಂಶ ನಡೆಯುತ್ತಿತ್ತು, ಏಕೆಂದರೆ ಒಳಗೆ ಚಿಪ್ಪುಗಳಿಗೆ ಬೇಕಾದದ್ದು ಐದೇ ವೋಲ್ಟ್. ಅಡಾಪ್ಟರು ಸುಟ್ಟುಹೋದರೆ ಟೇಪ್‌ರೆಕಾರ್ಡರಿನದನ್ನು ಸಿಕ್ಕಿಸಿದರೂ ಆಗುತ್ತಿತ್ತು. ಕೆಲವೊಮ್ಮೆ ಧನ-ಋಣ ತುದಿಗಳು ಅದಲುಬದಲಾಗಿ ಪೆಟ್ಟಿಗೆಯೇ ಸುಡುತ್ತಿತ್ತು, ಆ ಮಾತು ಬೇರೆ.

ಅಧಿಕೃತ ಮಾರ್ಗದ ಕಥೆ ಇದಕ್ಕೆ ತದ್ವಿರುದ್ಧ. ವಿಡಿಯೋ ಗೇಮ್ ಯಂತ್ರಗಳ ಮೇಲಿನ ಶೇ. 80ರ ಆಮದು ಸುಂಕವನ್ನು ತಪ್ಪಿಸಿಕೊಳ್ಳಲು ಜಪಾನಿನ ಸೆಗಾ ಕಂಪನಿ 1995ರ ಏಪ್ರಿಲಿನಲ್ಲಿ ಶಾ ವ್ಯಾಲೇಸ್ ಸಂಸ್ಥೆಯೊಡನೆ ವಿತರಣೆಯ ಒಪ್ಪಂದ ಮಾಡಿಕೊಂಡಿತು. ಹೌದು, ಮದ್ಯದ ವ್ಯಾಪಾರಕ್ಕೆ ಹೆಸರಾದ ಅದೇ ಶಾ ವ್ಯಾಲೇಸ್. ಅಷ್ಟೆಲ್ಲ ಆದಮೇಲೂ ಸೆಗಾ ಮೆಗಾ ಡ್ರೈವಿನ ಬೆಲೆ 18,000 ರೂಪಾಯಿ. ಅದೇ ಯಂತ್ರ ಅಮೆರಿಕದಲ್ಲಿ 1989ರಲ್ಲಿ ಹೊಸದಾಗಿ ಬಂದಾಗ 189 ಡಾಲರಿಗೆ ಸಿಕ್ಕಿತ್ತು. 1995ರ ವಿನಿಮಯ ದರದಲ್ಲಿ ನಮ್ಮ 18,000 ರೂಪಾಯಿ ಐನೂರು ಡಾಲರಿಗೂ ಮಿಗಿಲು. ಅಲ್ಲಿ ಆರು ವರ್ಷ ಹಳೆಯದಾಗಿ ಅಗ್ಗವಾಗಿದ್ದ ಯಂತ್ರಕ್ಕೆ ಇಲ್ಲಿ ಹೊಸ ಯಂತ್ರದ ಮೂರರಷ್ಟು ಬೆಲೆ. ಆ ಹಣಕ್ಕೆ ಒಳ್ಳೆಯ ಬಣ್ಣದ ಟಿವಿಯೇ ಬರುತ್ತಿದ್ದಾಗ ಯಾವ ಗೃಹಸ್ಥ ಇದನ್ನು ಕೊಂಡಾನು? ತಯಾರಿಕೆಯ ವೆಚ್ಚ ಎಷ್ಟೇ ಇಳಿದರೂ ಆ ಇಳಿಕೆ ಸಮುದ್ರ ದಾಟಿ ನಮ್ಮ ದಡ ಸೇರುವುದಿಲ್ಲ ಎಂಬುದಕ್ಕೆ ಇದು ಮೊದಲ ದೊಡ್ಡ ಉದಾಹರಣೆ. ಕೊನೆಯದೇನಲ್ಲ.

ಇನ್ನು ವ್ಯಾಟಿಗೂ ವೆಚ್ಚಕ್ಕೂ ನಂಟೇನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚಿಪ್ಪುಗಳನ್ನು ಸಿಲಿಕಾನಿನ ದುಂಡು ಬಿಲ್ಲೆಗಳ ಮೇಲೆ ಅಚ್ಚೊತ್ತುತ್ತಾರೆ. ಒಂದು ಬಿಲ್ಲೆಯ ಸಂಸ್ಕರಣೆಗೆ ತಗಲುವ ಖರ್ಚು ಹೆಚ್ಚುಕಡಿಮೆ ನಿಶ್ಚಿತ. ಆದ್ದರಿಂದ ಚಿಪ್ಪು ಚಿಕ್ಕದಾದಷ್ಟೂ ಒಂದು ಬಿಲ್ಲೆಗೆ ಹೆಚ್ಚು ಚಿಪ್ಪು, ಒಂದೊಂದಕ್ಕೂ ಕಡಿಮೆ ಖರ್ಚು. ದೋಷದ ಪಾಲಾಗುವ ಚಿಪ್ಪುಗಳ ಪ್ರಮಾಣವೂ ತಗ್ಗುತ್ತದೆ. ಒಂದೇ ಹಿಟ್ಟಿನ ಮುದ್ದೆಯಲ್ಲಿ ದೊಡ್ಡ ರೊಟ್ಟಿಯ ಬದಲು ಸಣ್ಣ ಪೂರಿ ಲಟ್ಟಿಸಿದ ಹಾಗೆ. ಒಳಗಿನ ಗೆರೆಗಳು ಸಣ್ಣದಾದಂತೆ ಅವು ಹಿಡಿದಿಡುವ ವಿದ್ಯುದಾವೇಶ ಕಡಿಮೆಯಾಗುತ್ತದೆ, ಕಡಿಮೆ ವೋಲ್ಟೇಜಿನಲ್ಲಿ ಕೆಲಸ ನಡೆಯುತ್ತದೆ. ವಿದ್ಯುತ್ ಬಳಕೆ ವೋಲ್ಟೇಜಿನ ವರ್ಗಕ್ಕೆ ಅನುಗುಣವಾದ್ದರಿಂದ ವೋಲ್ಟೇಜಿನಲ್ಲಿ ಸ್ವಲ್ಪ ಇಳಿದರೂ ವ್ಯಾಟಿನಲ್ಲಿ ಬಹಳ ಇಳಿಯುತ್ತದೆ. ಶಾಖ ಕಡಿಮೆಯಾದರೆ ಫ್ಯಾನು ಚಿಕ್ಕದು, ತಾಮ್ರದ ತಂಪುಗಟ್ಟಿ ಚಿಕ್ಕದು, ಪವರ್ ಸಪ್ಲೈ ಚಿಕ್ಕದು, ಪೆಟ್ಟಿಗೆ ಚಿಕ್ಕದು, ಕಡೆಗೆ ಹಡಗಿನ ಬಾಡಿಗೆಯೂ ಚಿಕ್ಕದು. ಹೀಗೆ ಚಿಪ್ಪಿನಲ್ಲಿ ಉಳಿಸಿದ ಒಂದು ಚದರ ಮಿಲಿಮೀಟರು ರಟ್ಟಿನ ಡಬ್ಬಿಯವರೆಗೂ ಹಣ ಉಳಿಸುತ್ತದೆ.

ಈ ವಿದ್ಯೆಯ ಶ್ರೇಷ್ಠ ಉದಾಹರಣೆ ಸೋನಿಯ ಪ್ಲೇಸ್ಟೇಷನ್ 2. 2000ದ ಮಾರ್ಚ್ 4ರಂದು ಜಪಾನಿನಲ್ಲಿ 39,800 ಯೆನ್ನಿಗೆ ಹೊರಬಂದಾಗ ಅದರ ಎರಡು ಮುಖ್ಯ ಚಿಪ್ಪುಗಳು ಕ್ರಮವಾಗಿ ಸುಮಾರು 240 ಮತ್ತು 279 ಚದರ ಮಿಲಿಮೀಟರಿನವು. ಅಷ್ಟು ದೊಡ್ಡ ಚಿಪ್ಪುಗಳನ್ನು ಆಟಿಕೆಯಲ್ಲಿ ಹಾಕುವುದು ಹುಚ್ಚೆಂದು ಆಗ ತೋರಿತ್ತು. ಕೆಲವೇ ವರ್ಷಗಳಲ್ಲಿ ಸೋನಿ ಎರಡನ್ನೂ ಬೆಸೆದು 86 ಚದರ ಮಿಲಿಮೀಟರಿನ ಒಂದೇ ಚಿಪ್ಪು ಮಾಡಿತು: ಆರನೆಯ ಒಂದು ಪಾಲು. ಅಮೆರಿಕದಲ್ಲಿ 299 ಡಾಲರಿದ್ದ ಬೆಲೆ 199, 179, 149, 129 ಎಂದು ಮೆಟ್ಟಿಲಿಳಿದು 2009ರ ಏಪ್ರಿಲಿನಲ್ಲಿ 99ಕ್ಕೆ ನಿಂತಿತು. ಹದಿನೈದು ಕೋಟಿಗೂ ಹೆಚ್ಚು ಮಾರಾಟವಾದ ಆ ಪೆಟ್ಟಿಗೆ ಭಾರತದಲ್ಲೂ ನಿಜವಾಗಿ ನೆಲೆಯೂರಿದ ಮೊದಲ ಅಧಿಕೃತ ಯಂತ್ರ. ಹೈದರಾಬಾದಿನ ಔರೋನಾ ಟೆಕ್ನಾಲಜೀಸ್ ತಯಾರಿಸಿದ ‘ಹನುಮಾನ್: ಬಾಯ್ ವಾರಿಯರ್’ 2009ರಲ್ಲಿ ಬಂದದ್ದೂ ಇದೇ ಯಂತ್ರಕ್ಕೆ. ಆಟ ಹೇಗಿತ್ತೆಂದು ಕೇಳಬೇಡಿ. ಪೆಟ್ಟಿಗೆ ಅಗ್ಗವಾಗದೆ ಇದ್ದಿದ್ದರೆ ಭಾರತದಲ್ಲೇ ಪೂರ್ಣವಾಗಿ ತಯಾರಾದ ಅಂಥದೊಂದು ಆಟದ ಯೋಚನೆಯೂ ಹುಟ್ಟುತ್ತಿರಲಿಲ್ಲ.

ಚಿಪ್ಪು ತನ್ನದಲ್ಲದಿದ್ದರೆ ಏನಾಗುತ್ತದೆಂದು ಮೈಕ್ರೋಸಾಫ್ಟ್ ಅದೇ ಕಾಲದಲ್ಲಿ ಕಲಿತುಕೊಂಡಿತು. 2001ರ ಮೊದಲ ಎಕ್ಸ್‌ಬಾಕ್ಸ್‌ನ ಚಿಪ್ಪುಗಳು ಇಂಟೆಲ್ ಮತ್ತು ಎನ್ವಿಡಿಯಾ ಕಂಪನಿಗಳವು. ವಿನ್ಯಾಸದ ಹಕ್ಕು ಕೈಯಲ್ಲಿಲ್ಲದ್ದರಿಂದ ಅವನ್ನು ಕುಗ್ಗಿಸಿ ಬೆಸೆಯುವ ದಾರಿ ಮುಚ್ಚಿತ್ತು. ಬೆಲೆಯ ವಿಷಯವಾಗಿ ಎನ್ವಿಡಿಯಾ ಜೊತೆ ನಡೆದ ವ್ಯಾಜ್ಯ 2003ರಲ್ಲಿ ರಾಜಿಯಲ್ಲಿ ಮುಗಿಯಿತು, ನಷ್ಟ ಮಾತ್ರ ಉಳಿಯಿತು.

ಈಗ 2006ಕ್ಕೆ ಬರೋಣ. ನನ್ನ ಮಟ್ಟಿಗೆ ಈ ಚರಿತ್ರೆಯ ನಡುಗಂಬ ಆ ವರ್ಷ.

ಆ ನವೆಂಬರಿನಲ್ಲಿ ಸೋನಿ ಪ್ಲೇಸ್ಟೇಷನ್ 3 ಯಂತ್ರವನ್ನು ಎರಡು ಬಗೆಯಲ್ಲಿ ಹೊರತಂದಿತು: 499 ಡಾಲರಿನದೊಂದು, 599 ಡಾಲರಿನದೊಂದು. ಐಸಪ್ಲೈ ಎಂಬ ವಿಶ್ಲೇಷಣಾ ಸಂಸ್ಥೆ ಪೆಟ್ಟಿಗೆಗಳನ್ನು ಬಿಚ್ಚಿ, ಒಂದೊಂದು ಬಿಡಿಭಾಗಕ್ಕೂ ಬೆಲೆ ಕಟ್ಟಿ, ಮೊದಲನೆಯದರ ತಯಾರಿಕೆಗೆ 805.85 ಡಾಲರ್, ಎರಡನೆಯದಕ್ಕೆ 840.35 ಡಾಲರ್ ಎಂದು ಅಂದಾಜಿಸಿತು. ಅಂದರೆ ಮಾರಿದ ಪ್ರತಿ ಪೆಟ್ಟಿಗೆಗೂ ಕಂಪನಿಗೆ ಇನ್ನೂರೈವತ್ತು-ಮುನ್ನೂರು ಡಾಲರ್ ಕೈಬಿಡುತ್ತಿತ್ತು. ಆ ಪಟ್ಟಿಯಲ್ಲಿ ಚಿತ್ರ ಬಿಡಿಸುವ ಆರ್‌ಎಸ್‌ಎಕ್ಸ್ ಚಿಪ್ಪಿಗೆ 129, ಬ್ಲೂ-ರೇ ಡ್ರೈವಿಗೆ 125, ಐಬಿಎಂ ಮತ್ತು ತೋಷಿಬಾಗಳ ಜೊತೆಗೂಡಿ ರೂಪಿಸಿದ ಸೆಲ್ ಎಂಬ ಮುಖ್ಯ ಚಿಪ್ಪಿಗೆ 89 ಡಾಲರ್. ಹಳೆಯ ಆಟಗಳು ನಡೆಯಲೆಂದು ಪ್ಲೇಸ್ಟೇಷನ್ 2ರ ಚಿಪ್ಪನ್ನೂ ಒಳಗಿಟ್ಟಿದ್ದರು, ಅದಕ್ಕೆ 27 ಡಾಲರ್. ಮುಂದೆ ಉಳಿತಾಯದ ಕತ್ತರಿ ಮೊದಲು ಬಿದ್ದದ್ದು ಅದರ ಮೇಲೆಯೇ. ಸೆಲ್ ಚಿಪ್ಪಿನಲ್ಲಿ ಎಂಟು ಸಹಾಯಕ ಘಟಕಗಳಿದ್ದರೂ ಒಂದನ್ನು ಬೇಕೆಂದೇ ನಿಷ್ಕ್ರಿಯಗೊಳಿಸಿ ಏಳನ್ನೇ ಬಳಸಿದರು. ಎಂಟರಲ್ಲಿ ಒಂದು ಕೆಟ್ಟಿದ್ದರೂ ಚಿಪ್ಪನ್ನು ಎಸೆಯಬೇಕಾಗದಿರಲಿ ಎಂಬ ವ್ಯಾಪಾರಿಯ ಜಾಣತನ ಅದು. ಇಷ್ಟಾದರೂ 2007ರ ಮಾರ್ಚಿಗೆ ಮುಗಿದ ಆರ್ಥಿಕ ವರ್ಷದಲ್ಲಿ ಸೋನಿಯ ಆಟದ ವಿಭಾಗದ ನಷ್ಟ 232.3 ಶತಕೋಟಿ ಯೆನ್.

ಆ ಪೆಟ್ಟಿಗೆಯ ತಳದ ಚೀಟಿಯಲ್ಲಿ ಬರೆದಿದ್ದುದು 380 ವ್ಯಾಟ್. ಇಲ್ಲಿ ಒಂದು ಎಚ್ಚರ ಬೇಕು. ಚೀಟಿಯ ಸಂಖ್ಯೆ ಗರಿಷ್ಠ ಮಿತಿಯೇ ಹೊರತು ದಿನನಿತ್ಯದ ಬಳಕೆಯಲ್ಲ. ಲಾರಿಯ ಮೇಲೆ ಬರೆದ ಭಾರದ ಮಿತಿಯಿದ್ದಂತೆ. ಅಮೆರಿಕದ ನ್ಯಾಚುರಲ್ ರಿಸೋರ್ಸಸ್ ಡಿಫೆನ್ಸ್ ಕೌನ್ಸಿಲ್ 2008ರ ನವೆಂಬರಿನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಆಡುತ್ತಿರುವಾಗ ಪ್ಲೇಸ್ಟೇಷನ್ 3 ಸುಮಾರು 150 ವ್ಯಾಟ್, ಎಕ್ಸ್‌ಬಾಕ್ಸ್ 360 ಸುಮಾರು 119 ವ್ಯಾಟ್, ನಿಂಟೆಂಡೊ ವೀ 16 ವ್ಯಾಟ್ ಬಳಸುತ್ತಿದ್ದವು. ಒಂದೇ ತಲೆಮಾರಿನ ಮೂರು ಯಂತ್ರಗಳಲ್ಲಿ ಒಂಬತ್ತು ಪಟ್ಟಿಗೂ ಹೆಚ್ಚಿನ ಅಂತರ. ಅದಕ್ಕಿಂತ ಬೆಚ್ಚಿಬೀಳಿಸುವ ಸಂಗತಿ ಬೇರೆಯಿತ್ತು: ಯಾರೂ ಆಡದೆ ಸುಮ್ಮನೆ ಹೊತ್ತಿಸಿಟ್ಟಾಗಲೂ ಮೊದಲೆರಡು ಯಂತ್ರಗಳು ಹೆಚ್ಚುಕಡಿಮೆ ಅಷ್ಟೇ ವಿದ್ಯುತ್ತನ್ನು ತಿನ್ನುತ್ತಿದ್ದವು. ಅಮೆರಿಕದ ಎಲ್ಲ ಪೆಟ್ಟಿಗೆಗಳೂ ಸೇರಿ ವರ್ಷಕ್ಕೆ ಸುಮಾರು 1,600 ಕೋಟಿ ಯೂನಿಟ್ ಬಳಸುತ್ತವೆ, ಅದು ಸ್ಯಾನ್ ಡಿಯಾಗೋ ನಗರದ ವಾರ್ಷಿಕ ಬಳಕೆಗೆ ಸಮ ಎಂದು ಆ ವರದಿ ಲೆಕ್ಕಹಾಕಿತು.

ಸ್ಯಾನ್ ಡಿಯಾಗೋ ದೂರವಾಯಿತು, ಪುಣೆಯ ಲೆಕ್ಕ ನೋಡೋಣ. ಅದೇ 2006ರಲ್ಲಿ ಮಹಾರಾಷ್ಟ್ರ ತೀವ್ರ ವಿದ್ಯುತ್ ಕೊರತೆಯಲ್ಲಿ ನರಳುತ್ತಿತ್ತು. ಹಳ್ಳಿಗಳಲ್ಲಿ ದಿನಕ್ಕೆ ಹಲವು ಗಂಟೆ ಲೋಡ್‌ಶೆಡ್ಡಿಂಗ್, ಪುಣೆಯೂ ಹೊರತಲ್ಲ. ಆಗ ಇಲ್ಲಿನ ಉದ್ಯಮಿಗಳ ಸಂಘಟನೆಯಾದ ಸಿಐಐ ಒಂದು ಉಪಾಯ ಮುಂದಿಟ್ಟಿತು. ನಗರದ ಸುತ್ತಲಿನ ಕಾರ್ಖಾನೆಗಳು ಬೇಡಿಕೆ ಹೆಚ್ಚಿರುವ ಹೊತ್ತಿನಲ್ಲಿ ತಮ್ಮ ಸ್ವಂತ ಜನರೇಟರುಗಳನ್ನು ನಡೆಸಿ, ಗ್ರಿಡ್ಡಿನಿಂದ ಪಡೆಯುವ ವಿದ್ಯುತ್ತನ್ನು ನಗರಕ್ಕೆ ಬಿಟ್ಟುಕೊಡುವುದು. ಕೊರತೆ ಸುಮಾರು 90 ಮೆಗಾವ್ಯಾಟ್. ಡೀಸೆಲ್ ಸುಟ್ಟು ಮಾಡಿದ ಯೂನಿಟ್ಟು ಗ್ರಿಡ್ಡಿನದಕ್ಕಿಂತ ಬಹಳ ದುಬಾರಿ. ಆ ವ್ಯತ್ಯಾಸವನ್ನು ನಗರದ ಗ್ರಾಹಕರೇ ಯೂನಿಟ್ಟಿಗೆ ಇಷ್ಟು ಪೈಸೆಯೆಂದು ‘ವಿಶ್ವಾಸಾರ್ಹತಾ ಶುಲ್ಕ’ವಾಗಿ ತೆರಬೇಕು. ತಿಂಗಳಿಗೆ 300 ಯೂನಿಟ್ಟಿನೊಳಗೆ ಬಳಸುವ ಮನೆಗಳಿಗೆ ಅದರಿಂದ ವಿನಾಯಿತಿ. ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಒಪ್ಪಿತು, 2006ರ ಜೂನಿನಿಂದ ಜಾರಿಗೆ ಬಂತು. ‘ಪುಣೆ ಮಾದರಿ’ ಎಂಬ ಹೆಸರಿನಲ್ಲಿ ದೇಶವೆಲ್ಲ ಚರ್ಚೆಯಾದದ್ದು ಇದೇ. ಹಣ ತೆತ್ತ ನಗರಕ್ಕೆ ಬೆಳಕು, ತೆರಲಾರದ ಹಳ್ಳಿಗೆ ಕತ್ತಲೆಯೇ ಎಂಬ ಆಕ್ಷೇಪ ಅಂದೂ ಇತ್ತು. ಅದು ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ.

ಈ ನಗರಕ್ಕೆ 2007ರ ಏಪ್ರಿಲಿನಲ್ಲಿ ಪ್ಲೇಸ್ಟೇಷನ್ 3 ಬಂತು. ದಿನಕ್ಕೆ ಮೂರು ಗಂಟೆ ಆಡಿದರೆ 150 ವ್ಯಾಟಿನ ಲೆಕ್ಕದಲ್ಲಿ ತಿಂಗಳಿಗೆ ಹದಿಮೂರೂವರೆ ಯೂನಿಟ್. ದೊಡ್ಡ ಮಾತಲ್ಲ, ಎರಡು ಸೀಲಿಂಗ್ ಫ್ಯಾನು ಅಷ್ಟೇ ಹೊತ್ತು ತಿರುಗಿದಂತೆ. ನಿಂಟೆಂಡೊ ವೀ ಆದರೆ ಒಂದೂವರೆ ಯೂನಿಟ್ಟೂ ಆಗದು. ಆಟದ ನಡುವೆ ಪಾಸ್ ಒತ್ತಿ ಕಾಲೇಜಿಗೆ ಹೋದ ಹುಡುಗ ಪೆಟ್ಟಿಗೆಯನ್ನು ಹಗಲೂ ರಾತ್ರಿ ಹೊತ್ತಿಸಿಟ್ಟನೆನ್ನಿ, ಆಗ ತಿಂಗಳಿಗೆ 108 ಯೂನಿಟ್. ಇನ್ನೂರು-ಇನ್ನೂರಿಪ್ಪತ್ತು ಯೂನಿಟ್ಟಿನಲ್ಲಿ ಸಂಸಾರ ನಡೆಸುತ್ತಿದ್ದ ಮನೆ ಆ ಒಂದು ಪೆಟ್ಟಿಗೆಯ ದೆಸೆಯಿಂದ 300ರ ಗೆರೆ ದಾಟಿ ಹೆಚ್ಚಿನ ದರದ ಸಾಲಿಗೆ ಸೇರುತ್ತಿತ್ತು. ಬಿಲ್ಲಿನಲ್ಲಿ ಪೆಟ್ಟಿಗೆಯ ಹೆಸರಿರುವುದಿಲ್ಲ. ಮನೆಯ ಹಿರಿಯರು ಬೈಯುವುದು ಗೀಸರನ್ನು. ಆ ಯೂನಿಟ್ಟುಗಳ ಬೆನ್ನಿಗೆ ಚಾಕಣದಲ್ಲೋ ಪಿಂಪ್ರಿಯಲ್ಲೋ ಒಂದು ಡೀಸೆಲ್ ಜನರೇಟರು ಗುಡುಗುತ್ತಿತ್ತೆಂಬುದು ಯಾರ ಗಮನಕ್ಕೂ ಬಂದಿರಲಾರದು.

ಬೆಲೆಯ ಅನ್ಯಾಯ ಇದಕ್ಕಿಂತ ನೇರವಾದದ್ದು. ಪ್ಲೇಸ್ಟೇಷನ್ 3 ಭಾರತದಲ್ಲಿ 39,990 ರೂಪಾಯಿಗೆ ಬಿಡುಗಡೆಯಾಯಿತು. ಆಗಿನ ವಿನಿಮಯ ದರದಲ್ಲಿ ಅದು 950 ಡಾಲರಿಗೂ ಹೆಚ್ಚು. ಐಸಪ್ಲೈ ಅಂದಾಜಿಸಿದ ತಯಾರಿಕೆಯ ವೆಚ್ಚ 840 ಡಾಲರ್ ಎಂಬುದನ್ನು ನೆನಪಿಸಿಕೊಳ್ಳಿ. ಅಮೆರಿಕದ ಗ್ರಾಹಕನಿಗೆ ಕಂಪನಿ ತನ್ನ ಕೈಯಿಂದ ಇನ್ನೂರೈವತ್ತು ಡಾಲರಿನಷ್ಟು ಹಾಕಿ ಕೊಟ್ಟ ಯಂತ್ರವನ್ನು ಪುಣೆಯ ಗ್ರಾಹಕ ಪೂರ್ತಿ ವೆಚ್ಚಕ್ಕಿಂತಲೂ ಹೆಚ್ಚು ತೆತ್ತು ಕೊಂಡ. ಸುಂಕ, ತೆರಿಗೆ, ವಿತರಕರ ಪಾಲು ಎಲ್ಲವೂ ಅದರಲ್ಲಿವೆ, ಒಪ್ಪೋಣ. ಆದರೂ ಜಗತ್ತಿನ ಶ್ರೀಮಂತ ಗ್ರಾಹಕರಿಗೆ ದೊರೆತ ರಿಯಾಯಿತಿ ಬಡ ದೇಶದ ಗ್ರಾಹಕನ ತನಕ ಬರುವಷ್ಟರಲ್ಲಿ ಕರಗಿಹೋಗಿತ್ತು. ಅದಕ್ಕೂ ಮುನ್ನ 2006ರ ಸೆಪ್ಟೆಂಬರಿನಲ್ಲಿ ಅಕ್ಷಯ್ ಕುಮಾರ್, ಯುವರಾಜ್ ಸಿಂಗ್ ಅವರ ಮುಖ ತೋರಿಸಿ ಬಂದ ಎಕ್ಸ್‌ಬಾಕ್ಸ್ 360ಕ್ಕೆ 19,990 ಮತ್ತು 23,990 ರೂಪಾಯಿ ಇಟ್ಟಿದ್ದರು. ಅಲ್ಲಿಯೂ ದುಬಾರಿ ಬಗೆಗೆ ಅಮೆರಿಕದ 399 ಡಾಲರಿಗಿಂತ ನೂರಕ್ಕೂ ಹೆಚ್ಚು ಡಾಲರ್ ಅಧಿಕ. ಈ ಪೆಟ್ಟಿಗೆಗಳು ಸೋತದ್ದು ಭಾರತೀಯರು ಅಸಲಿ ಆಟಗಳನ್ನು ಕೊಳ್ಳದ ಕಾರಣಕ್ಕೆ ಎಂದು ಉದ್ಯಮದವರು ದೂರುವುದುಂಟು. ರಿಯಾಯಿತಿಯನ್ನು ಮೊದಲು ಕೊಟ್ಟು, ಆಟಗಳಲ್ಲಿ ವಸೂಲು ಮಾಡುವುದು ಅವರದೇ ಸೂತ್ರ. ಮೊದಲ ಅರ್ಧವನ್ನು ಇಲ್ಲಿ ಪಾಲಿಸದೆ ಎರಡನೆಯ ಅರ್ಧವನ್ನು ಮಾತ್ರ ನಿರೀಕ್ಷಿಸಿದರು.

ಶಾಖಕ್ಕೂ ವೆಚ್ಚವಿದೆ ಎಂಬುದನ್ನು ಹೇಳದೆ ಮುಂದೆ ಹೋಗಲಾಗದು. 2005ರ ಎಕ್ಸ್‌ಬಾಕ್ಸ್ 360ರ ಪವರ್ ಸಪ್ಲೈ ಇಟ್ಟಿಗೆಯ ಗಾತ್ರದ್ದು, 203 ವ್ಯಾಟಿನದು. ಪೆಟ್ಟಿಗೆಯೊಳಗೆ ಜಾಗವಿಲ್ಲದೆ ಹೊರಗೆ ನೆಲದ ಮೇಲೆ ಕೂರುತ್ತಿತ್ತು. ಒಳಗಿನ ಚಿಪ್ಪು ಬಿಸಿಯಾಗಿ ಹಿಗ್ಗಿ, ತಣ್ಣಗಾಗಿ ಕುಗ್ಗಿ, ಅದನ್ನು ಹಲಗೆಗೆ ಕೂಡಿಸಿದ ಬೆಸುಗೆಗಳು ಬಿರುಕುಬಿಟ್ಟು ಯಂತ್ರ ಸಾಯುತ್ತಿತ್ತು; ಮುಂಭಾಗದಲ್ಲಿ ಮೂರು ಕೆಂಪು ದೀಪ ಮಿನುಗುತ್ತಿದ್ದವು. 2007ರ ಜುಲೈನಲ್ಲಿ ಮೈಕ್ರೋಸಾಫ್ಟ್ ವಾರಂಟಿಯನ್ನು ಮೂರು ವರ್ಷಕ್ಕೆ ವಿಸ್ತರಿಸಿ, ನೂರು ಕೋಟಿ ಡಾಲರಿಗೂ ಮೀರಿದ ಮೊತ್ತವನ್ನು ಅದಕ್ಕೆಂದು ತೆಗೆದಿಟ್ಟಿತು. ತಂಪುಗಟ್ಟಿಯಲ್ಲಿ ಉಳಿಸಿದ ಕೆಲವು ಡಾಲರುಗಳಿಗೆ ತೆತ್ತ ಬಡ್ಡಿ ಅದು. ಮುಂದಿನ ಮಾದರಿಗಳಲ್ಲಿ ಚಿಪ್ಪು ಕುಗ್ಗಿ ಆ ಇಟ್ಟಿಗೆ 175, 150, 135 ವ್ಯಾಟಿಗೆ ಇಳಿಯಿತು. ಹಳೆಯ ಎಕ್ಸ್‌ಬಾಕ್ಸ್ ಕೊಳ್ಳುವವರು ಪೆಟ್ಟಿಗೆಯನ್ನು ಬಿಟ್ಟು ಇಟ್ಟಿಗೆಯ ಚೀಟಿಯನ್ನೇ ಮೊದಲು ಓದತೊಡಗಿದ್ದು ಇದರಿಂದಲೇ: 203 ಎಂದಿದ್ದರೆ ಬೇಡ, 150 ಎಂದಿದ್ದರೆ ಕೊಳ್ಳಬಹುದು. ಚೀಟಿ ಯಂತ್ರದ ಜಾತಕವಾಯಿತು.

ಪ್ಲೇಸ್ಟೇಷನ್ 3 ಕೂಡ ಅದೇ ದಾರಿಯಲ್ಲಿ ತೂಕ ಇಳಿಸಿತು. ಸೆಲ್ ಚಿಪ್ಪು 90 ನ್ಯಾನೋಮೀಟರಿನ ತಂತ್ರದಲ್ಲಿ 235 ಚದರ ಮಿಲಿಮೀಟರು ಇದ್ದದ್ದು 65ರಲ್ಲಿ 175ಕ್ಕೆ, 45ರಲ್ಲಿ 115ಕ್ಕೆ ಬಂತು. ಮುನ್ನೂರು ಮಿಲಿಮೀಟರು ವ್ಯಾಸದ ಒಂದು ಬಿಲ್ಲೆಯಲ್ಲಿ, ಅಂಚಿನ ನಷ್ಟವನ್ನು ಬಿಟ್ಟರೆ, ಮುನ್ನೂರು ಚಿಪ್ಪಿನ ಜಾಗದಲ್ಲಿ ಆರುನೂರು. 2009ರ ಸೆಪ್ಟೆಂಬರಿನ ತೆಳು ಮಾದರಿಯ ಚೀಟಿ 250 ವ್ಯಾಟ್, 2012ರ ಇನ್ನೂ ತೆಳುವಾದದ್ದರ ಚೀಟಿ 190. ಮೊದಲನೆಯದರ ಅರ್ಧ. 2009ರ ಕೊನೆಗೆ ಐಸಪ್ಲೈ ಮತ್ತೆ ಬಿಚ್ಚಿ ನೋಡಿದಾಗ ತಯಾರಿಕೆಯ ವೆಚ್ಚ 336.27 ಡಾಲರಿಗೆ ಇಳಿದಿತ್ತು. ಮಾರಾಟದ ಬೆಲೆ 299. ಮೂರು ವರ್ಷದಲ್ಲಿ ಐನೂರು ಡಾಲರ್ ಕರಗಿಸಿದರೂ ಪೆಟ್ಟಿಗೆ ಇನ್ನೂ ನಷ್ಟದಲ್ಲೇ ಇತ್ತು. ಆ ಅನುಭವದಿಂದ ಸೋನಿ ಮುಂದಿನ ಯಂತ್ರದಲ್ಲಿ ಹುಷಾರಾಯಿತು. 2013ರ ಪ್ಲೇಸ್ಟೇಷನ್ 4ರ ವೆಚ್ಚ 381 ಡಾಲರ್, ಬೆಲೆ 399. ಭಾರತದಲ್ಲಿ 2014ರ ಜನವರಿಯಲ್ಲಿ ಅದರ ಬೆಲೆ ಮತ್ತೆ ಅದೇ 39,990.

ಸರ್ಕಾರಗಳು ಈ ಚೀಟಿಯನ್ನು ಹೇಗೆ ಓದಿದವು ಎಂಬುದೂ ಕುತೂಹಲಕರ. 2006ರಲ್ಲಿ ನಮ್ಮಲ್ಲಿ ಫ್ರಿಜ್ಜು, ಟ್ಯೂಬ್‌ಲೈಟುಗಳಿಂದ ಆರಂಭವಾದ ಇಂಧನ ದಕ್ಷತೆಯ ನಕ್ಷತ್ರದ ಗುರುತು ವಿಡಿಯೋ ಗೇಮಿನತ್ತ ತಿರುಗಿ ನೋಡಲಿಲ್ಲ. 2012ರ ಕಡ್ಡಾಯ ನೋಂದಣಿ ಆದೇಶದಲ್ಲಿ ಮಾತ್ರ ವಿಡಿಯೋ ಆಟದ ಯಂತ್ರಗಳು ಲ್ಯಾಪ್‌ಟಾಪು, ಟಿವಿಗಳ ಜೊತೆಗೆ ಮೊದಲ ಪಟ್ಟಿಯಲ್ಲೇ ಸೇರಿದವು. ಆದರೆ ಅಲ್ಲಿನ ಕಾಳಜಿ ಶಾಕ್ ಹೊಡೆಯಬಾರದು, ಬೆಂಕಿ ಹತ್ತಬಾರದು ಎಂಬ ಸುರಕ್ಷತೆ ಮಾತ್ರ, ಮಿತವ್ಯಯವಲ್ಲ. ಯುರೋಪಿನಲ್ಲಿ 2015ರಲ್ಲಿ ಮೂರೂ ಕಂಪನಿಗಳು ಸ್ವಯಂಪ್ರೇರಿತ ಒಪ್ಪಂದಕ್ಕೆ ಬಂದು, ಯಾರೂ ಆಡದಿದ್ದರೆ ಪೆಟ್ಟಿಗೆ ತಾನಾಗಿ ಆರುವಂಥ ಏರ್ಪಾಡನ್ನು ಒಪ್ಪಿಕೊಂಡವು. ಕಾಲೇಜಿಗೆ ಹೋದ ಆ ಹುಡುಗನ 108 ಯೂನಿಟ್ಟು ಉಳಿಯುವುದು ಅಂಥ ಏರ್ಪಾಡಿನಿಂದಲೇ. ಮನೆಗೆ ಬರುವ ವಿದ್ಯುತ್ತಿನ ಗುಣಮಟ್ಟವನ್ನು ನಿಮಿಷ ನಿಮಿಷಕ್ಕೂ ಅಳೆದು ಸಾರ್ವಜನಿಕರ ಮುಂದಿಡುವ ಕೆಲಸವನ್ನು ನಮ್ಮ ಪುಣೆಯ ಪ್ರಯಾಸ್ ಸಂಸ್ಥೆ ವರ್ಷಗಳ ಕಾಲ ಮಾಡಿದೆ. ಮನೆಯೊಳಗೆ ಬಂದಮೇಲೆ ಅದು ಯಾವ ಪೆಟ್ಟಿಗೆಯ ಪಾಲಾಗುತ್ತದೆಂದು ಅಳೆಯಲು ನಾವು ಪ್ಲಗ್ಗಿಗೆ ಸಿಕ್ಕಿಸುವ ಸಣ್ಣ ಮೀಟರೊಂದನ್ನು ಕೊಂಡರೂ ಸಾಕು.

2020ರ ನವೆಂಬರಿನಲ್ಲಿ ಪ್ಲೇಸ್ಟೇಷನ್ 5 ಬಂದಾಗ ಚೀಟಿ ಮತ್ತೆ 350 ವ್ಯಾಟಿಗೆ ಏರಿತ್ತು. ಬಿಡಿಭಾಗಗಳಿಗೇ ಸುಮಾರು 450 ಡಾಲರ್ ಆಗುತ್ತದೆಂದು ಅದಕ್ಕೂ ಮುನ್ನವೇ ಸುದ್ದಿಯಾಗಿತ್ತು, ಬೆಲೆ 499. ಭಾರತಕ್ಕೆ 2021ರ ಫೆಬ್ರುವರಿ 2ರಂದು ಬಂದಾಗ 49,990 ರೂಪಾಯಿ. ಜಿಎಸ್‌ಟಿ ಬಂದಾಗಲೇ ಈ ಯಂತ್ರಗಳನ್ನು ಶೇ. 28ರ ಪಂಕ್ತಿಯಲ್ಲಿ ಕೂರಿಸಿದ್ದನ್ನು ಇಲ್ಲಿ ನೆನೆಯಬಹುದು. 2021ರ ಆಗಸ್ಟಿನ ಹೊತ್ತಿಗೆ 499 ಡಾಲರಿನ ಮಾದರಿ ನಷ್ಟದಿಂದ ಹೊರಬಂದಿದೆ ಎಂದು ಸೋನಿ ಹೇಳಿತು. ಹಳೆಯ ನಡಾವಳಿಯಂತೆ ಇನ್ನು ಬೆಲೆ ಇಳಿಯಬೇಕು ಎಂದು ಕಾದವರು ಬಹಳ. ನೊಗ ಮುರಿದದ್ದು ಅಲ್ಲಿಯೇ. ಹಿಂದೆ ಗೆರೆ ಸಣ್ಣದಾದಂತೆ ಬಿಲ್ಲೆಯ ಖರ್ಚು ಹೆಚ್ಚುಕಡಿಮೆ ಹಾಗೆಯೇ ಇರುತ್ತಿತ್ತು. ಈಗ ಪ್ರತಿ ಹೊಸ ತಂತ್ರದ ಬಿಲ್ಲೆಯೂ ಹಳೆಯದಕ್ಕಿಂತ ದುಬಾರಿ. ವೋಲ್ಟೇಜು ಇನ್ನು ಹಿಂದಿನಂತೆ ಇಳಿಯದು. ಚಿಪ್ಪು ಚಿಕ್ಕದಾದರೂ ಅದರ ಬೆಲೆ ಚಿಕ್ಕದಾಗುವ ಖಾತರಿಯಿಲ್ಲ.

2022ರಲ್ಲಿ ಸೋನಿ ಸದ್ದಿಲ್ಲದೆ ಪ್ಲೇಸ್ಟೇಷನ್ 5ರ ಚಿಪ್ಪನ್ನು 7 ನ್ಯಾನೋಮೀಟರಿನಿಂದ 6ಕ್ಕೆ ಬದಲಿಸಿತು. ಸುಮಾರು 300 ಚದರ ಮಿಲಿಮೀಟರಿದ್ದದ್ದು 260ಕ್ಕೆ ಕುಗ್ಗಿತು, ತಂಪುಗಟ್ಟಿ ಹಗುರವಾಯಿತು, ಆಡುವಾಗಿನ ವಿದ್ಯುತ್ ಬಳಕೆಯೂ ಒಂದಿಷ್ಟು ಇಳಿಯಿತು. ಅದೇ ವರ್ಷದ ಆಗಸ್ಟ್ 25ರಂದು ಕಂಪನಿ ಯುರೋಪು, ಜಪಾನು ಮೊದಲಾದ ಕಡೆ ಬೆಲೆ ಏರಿಸಿತು. ನವೆಂಬರಿನಲ್ಲಿ ಭಾರತದ ಬೆಲೆ 54,990 ಆಯಿತು. ಆ ಸಲ ಹಳೆಯ ಬೆಲೆಯಲ್ಲೇ ಉಳಿದಿದ್ದ ಅಮೆರಿಕದ ಗ್ರಾಹಕನಿಗೂ 2025ರ ಆಗಸ್ಟಿನಲ್ಲಿ ಐವತ್ತು ಡಾಲರ್ ಹೆಚ್ಚಾಯಿತು.